ಹಿತ್ತಿಲ ವರಾಂಡದಲ್ಲಿ ಇಪ್ಪತ್ತೆಂಟು ಬ್ಯಾಟರಿ

ನನ್ನ ಎಡಗಾಲು ಚಿಕ್ಕಂದಿನಿಂದಲೂ ನನ್ನ ಮಾತು ಕೇಳುವುದಿಲ್ಲ. ನಡೆಯಲು ಕಲಿತ ಹೊಸತರಲ್ಲೇ ಬಂದ ಪೋಲಿಯೊ, ಉಳಿದ ಮೈಯನ್ನೆಲ್ಲ ಬಿಟ್ಟು ಆ ಒಂದು ಕಾಲಿನ ಬಲವನ್ನು ಮಾತ್ರ ಕೊಂಡೊಯ್ಯಿತು. ನಡೆಯುತ್ತೇನೆ, ಬೋರ್ಡಿನ ಮುಂದೆ ಪೀರಿಯಡ್ಡು ಪೂರ್ತಿ ನಿಂತು ಪಾಠ ಮಾಡುತ್ತೇನೆ, ಒತ್ತುಶ್ಯಾವಿಗೆ ಒತ್ತುತ್ತೇನೆ. ಬಸ್ಸಿನ ಮೊದಲ ಮೆಟ್ಟಿಲೊಂದು ಮಾತ್ರ ಇಷ್ಟು ವರ್ಷವಾದರೂ ನನಗೆ ಒಲಿದಿಲ್ಲ. ಕಂಡಕ್ಟರು ಮುಂದಿನಿಂದ ಕೈ ಹಿಡಿದು ಎಳೆಯಬೇಕು, ಹಿಂದಿನವರು ಬೆನ್ನಿಗೆ ಕೈಯಾನಿಸಬೇಕು. ಹಾಗೆ ಹತ್ತಿಸಿದವರೆಲ್ಲ ಒಳ್ಳೆಯವರೇ. ಆದರೂ ದಿನಾ ಬೆಳಿಗ್ಗೆ ಇನ್ನೊಬ್ಬರ ಒಳ್ಳೆಯತನವನ್ನು ನಂಬಿಕೊಂಡು ಮನೆಯಿಂದ ಹೊರಡುವುದು ಸುಲಭವಲ್ಲ.

ನಮ್ಮ ಮನೆ ನಂಜನಗೂಡಿನಲ್ಲಿ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ಕಾಲೇಜು ತಿ. ನರಸೀಪುರದಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಹೈಬ್ರಿಡ್ ಕಾರು ಕೊಂಡೆವು. ಪೆಟ್ರೋಲ್ ಎಂಜಿನ್ನೂ ಇರುವ, ಜೊತೆಗೆ ದೊಡ್ಡದೊಂದು ಬ್ಯಾಟರಿಯಿಂದಲೂ ಓಡುವ ಕಾರು. ಅದು ಪೆಟ್ರೋಲ್ ಉಳಿಸುತ್ತದೆ ಎಂದು ನಾನು ಕೊಳ್ಳಲಿಲ್ಲ. ಅದಕ್ಕೆ ಕ್ಲಚ್ ಇಲ್ಲ ಎಂದು ಕೊಂಡೆ. ಎಡಗಾಲಿಗೆ ಕೆಲಸವೇ ಇಲ್ಲ; ಅದನ್ನು ಒಂದು ಪಕ್ಕಕ್ಕೆ ಕೂರಿಸಿ ಬಲಗಾಲಿನಲ್ಲೇ ನರಸೀಪುರ ಮುಟ್ಟಬಹುದು. ಡ್ರೈವಿಂಗ್ ಕಲಿತಾಗ ನನಗೆ ನಲವತ್ತು ದಾಟಿತ್ತು. ಮೊದಲ ಸಲ ಒಬ್ಬಳೇ ಕಾಲೇಜಿಗೆ ಹೋಗಿ ಬಂದ ದಿನ ಸಂಜೆ ಕಾಫಿ ಕುಡಿಯುವುದನ್ನೇ ಮರೆತಿದ್ದೆ.

ಹೋದ ವರ್ಷ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನವೊಂದು ಹೊತ್ತಿಕೊಂಡಿತು. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದೆವು. ಅಲ್ಲಿನವರು ಕಂಪ್ಯೂಟರು ಹಚ್ಚಿ ನೋಡಿ, "ದೊಡ್ಡ ಬ್ಯಾಟರಿ ಹೋಗಿದೆ ಮೇಡಂ. ಹೊಸದು ತರಿಸೋದಕ್ಕಿಂತ ಗಾಡೀನೇ ಗುಜರಿಗೆ ಕೊಡೋದು ವಾಸಿ" ಎಂದರು. ಈಗ ಕ್ಲಚ್ ಇಲ್ಲದ ಕಾರುಗಳು ಬೇಕಾದಷ್ಟು ಬಂದಿವೆ. ಆದರೆ ನಾವು ಆಗಷ್ಟೇ ಮಗಳ ಮದುವೆ ಮಾಡಿ ಕೈ ಬರಿದು ಮಾಡಿಕೊಂಡಿದ್ದೆವು.

ನಮ್ಮವರು ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಾರೆ. ಗಟ್ಟಿಯಾಗಿ ಮಾತಾಡುವವರಲ್ಲ. ಆವತ್ತು ರಾತ್ರಿ ಊಟಕ್ಕೆ ಕೂತಾಗ ಸಾರು ಕಲಸುತ್ತ, "ಇನ್ನು ಸಾಕು ಅಂತ ಅನ್ನಿಸಲ್ವೇನೆ? ವಾಲಂಟರಿ ರಿಟೈರ್‌ಮೆಂಟಿಗೆ ಬರೆದುಕೊಟ್ಟುಬಿಡು. ಬಸ್ಸಿನಲ್ಲಿ ಒದ್ದಾಡೋದು ನನಗೆ ನೋಡೋಕಾಗಲ್ಲ" ಎಂದರು. ಅವರು ಹೇಳಿದ್ದು ಪ್ರೀತಿಯಿಂದ. ಎದುರು ಹೇಳುವುದು ಕಷ್ಟವಾದದ್ದೂ ಅದಕ್ಕೇ.

ಎದುರಿಗೆ ಬಡಿಸುತ್ತಿದ್ದ ನಮ್ಮ ಅತ್ತೆ ಸೌಟನ್ನು ಪಾತ್ರೆಗೆ ತಗುಲಿಸಿ, "ಇವಳು ಮನೇಲಿ ಕೂತ್ರೆ ನನ್ನ ಅಡುಗೆಮನೆ ನನಗೆ ಉಳಿಯುತ್ತೇನೋ? ಒಂದು ಒಲೆಗೆ ಇಬ್ಬರು ಯಜಮಾನಿ ಬೇಡಪ್ಪ" ಎಂದರು. ಎಂಬತ್ತರ ಹತ್ತಿರದ ಹೆಂಗಸು. ನನ್ನ ಪರ ಮಾತಾಡಬೇಕಾದಾಗಲೆಲ್ಲ ಹೀಗೆ ಜಗಳದ ದನಿಯಲ್ಲೇ ಮಾತಾಡುತ್ತಾರೆ.

ಕೊನೆಗೆ ನಾವು ಗಂಡಹೆಂಡತಿ ಒಂದು ಮಾತಿಗೆ ಬಂದೆವು. ಬೇಸಿಗೆ ರಜೆ ಇದೆ. ಜೂನಿನಲ್ಲಿ ಕಾಲೇಜು ತೆರೆಯುವುದರೊಳಗೆ ಕಾರು ಎದ್ದರೆ ಕೆಲಸ ಮುಂದುವರಿಸುವುದು. ಇಲ್ಲದಿದ್ದರೆ ಅರ್ಜಿ ಬರೆಯುವುದು.

ಬನ್ನೂರಿನಲ್ಲಿರುವ ನನ್ನ ತಮ್ಮ ಇಂಥ ಕಾರುಗಳ ರಿಪೇರಿಯಲ್ಲೇ ತರಬೇತಿ ಪಡೆದವನು. ಫೋನಿನಲ್ಲಿ ವಿಷಯ ಕೇಳಿ, ಯಾವ ವರ್ಷದ ಗಾಡಿ ಎಂದು ವಿಚಾರಿಸಿದ. ಆಮೇಲೆ, "ಅಕ್ಕಾ, ಅದು ಒಂದು ಬ್ಯಾಟರಿ ಅಲ್ಲ. ಒಳಗೆ ಇಪ್ಪತ್ತೆಂಟು ಮಾಡ್ಯೂಲು ಸಾಲಾಗಿ ಕೂತಿರ್ತವೆ. ಎಲ್ಲಾ ಒಟ್ಟಿಗೆ ಸಾಯಲ್ಲ. ಒಂದೋ ಎರಡೋ ಸತ್ತಿರ್ತವೆ, ಮಿಕ್ಕವು ಸೋಮಾರಿ ಆಗಿರ್ತವೆ. ಸೋಮಾರಿಗಳನ್ನ ಎಬ್ಬಿಸಬಹುದು. ಆದ್ರೆ ತಾಳ್ಮೆ ಬೇಕು" ಎಂದ.

"ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪಾಠ ಮಾಡಿದೀನಿ ಕಣೋ" ಎಂದೆ.

"ಹಂಗಾದ್ರೆ ಸರಿ ಬಿಡು" ಎಂದು ನಕ್ಕ.

ಭಾನುವಾರ ಬಂದವನು ಕಾರು ಮುಟ್ಟುವ ಮೊದಲು ಹಜಾರದಲ್ಲಿ ನಮ್ಮನ್ನೆಲ್ಲ ಕೂರಿಸಿ ಕಟ್ಟುನಿಟ್ಟಾಗಿ ಹೇಳಿದ. ಇಪ್ಪತ್ತೆಂಟೂ ಒಟ್ಟಿಗಿದ್ದಾಗ ಇನ್ನೂರು ವೋಲ್ಟಿಗೂ ಮೇಲೆ. ಜೀವ ತೆಗೆಯಲು ಅಷ್ಟು ಸಾಕು. ಬಿಡಿಬಿಡಿಯಾದ ಮೇಲೆ ಒಂದೊಂದೂ ಏಳೆಂಟು ವೋಲ್ಟು. ಮುಟ್ಟಿದರೆ ಏನೂ ಆಗದು, ಆದರೆ ಎರಡು ತುದಿಗೂ ಒಂದು ಸ್ಪ್ಯಾನರು ತಗುಲಿದರೆ ಕಬ್ಬಿಣವೇ ಕಾದು ಕೆಂಪಾಗುತ್ತದೆ. "ಬಿಚ್ಚೋದು ನಾನು, ವಾಪಸ್ಸು ಜೋಡಿಸೋದೂ ನಾನು. ಮಧ್ಯದ ಕೆಲಸ ಮಾತ್ರ ಅಕ್ಕನದು. ಚಾರ್ಜಿಗೆ ಹಾಕಿದ್ದಾಗ ಒಬ್ಬರು ಹತ್ರ ಇರಲೇಬೇಕು. ಬಾಗಿಲು ಮುಚ್ಚಿದ ರೂಮಿನಲ್ಲಿ ಹಾಕಬಾರದು. ಏನೇ ಎಡವಟ್ಟಾದ್ರೂ ಮೊದಲು ಗೋಡೆ ಸ್ವಿಚ್ಚು ಆರಿಸಿ, ಆಮೇಲೆ ಮಿಕ್ಕಿದ್ದು. ಮೈಮೇಲೆ ಲೋಹ ಇರಬಾರದು. ಅಕ್ಕಾ, ಬಳೆ, ಉಂಗುರ, ಸರ ಎಲ್ಲಾ ತೆಗೆದಿಡಬೇಕು."

ಅತ್ತೆ ಅಲ್ಲಿಯವರೆಗೆ ಹುಣಸೆಹಣ್ಣಿನ ನಾರು ತೆಗೆಯುತ್ತ ಕೇಳದವರಂತೆ ಕೂತಿದ್ದರು. ಈಗ ಕೈ ನಿಂತಿತು.

"ಸರ ಅಂದ್ರೆ?"

"ಎಲ್ಲಾ ಸರಾನೂ ಅಮ್ಮ. ಬಗ್ಗಿದಾಗ ಜೋತುಬಿದ್ದು ತಗುಲಿದ್ರೆ ಕಷ್ಟ."

"ತಾಳಿ ತೆಗೀಬೇಕು ಅಂತೀಯೇನೋ?"

ನನ್ನ ತಮ್ಮ ನನ್ನ ಮುಖ ನೋಡಿದ. ನಾನು ಗಂಡನ ಮುಖ ನೋಡಿದೆ. ಅವರು ಸೂರಿನ ಕಡೆ ನೋಡಿದರು. ಅತ್ತೆ ಎದ್ದು ದೇವರಮನೆಗೆ ಹೋದರು. ಕೋಪ ಬಂತೆಂದುಕೊಂಡೆ. ಬರುವಾಗ ಅವರ ಕೈಯಲ್ಲಿ ಒಂದು ಅರಿಶಿನದ ಕೊಂಬು, ಅರಿಶಿನದಲ್ಲಿ ನೆನೆಸಿದ ದಾರ. ಕರಿಮಣಿ ಪೋಣಿಸುವುದಕ್ಕೆ ಕೊಟ್ಟಾಗ ಕೊರಳು ಬರಿದಾಗಬಾರದೆಂದು ನಮ್ಮ ಮನೆಗಳಲ್ಲಿ ಕಟ್ಟಿಕೊಳ್ಳುವುದು ಅದನ್ನೇ. ಹಳದಿ ಗಂಟನ್ನು ನನ್ನ ಕೊರಳ ಹಿಂದೆ ಬಿಗಿಯುತ್ತ, "ಕೊಂಬಿಗೆ ಕರೆಂಟು ಹತ್ತಲ್ಲ ತಾನೆ? ಗಾಜಿನ ಬಳೆ ಇರಲಿ, ಚಿನ್ನದ್ದು ಬಿಚ್ಚು. ಕಾಲುಂಗುರ?" ಎಂದರು.

"ಕಾಲುಂಗುರ ಇರಲಿ ಅಮ್ಮ. ಅಕ್ಕ ಬ್ಯಾಟರೀನ ಒದೆಯಲ್ಲ" ಎಂದ ನನ್ನ ತಮ್ಮ.

ಆ ಬೇಸಿಗೆಯೆಲ್ಲ ಬೆಳಗಿನ ಹೊತ್ತು ನಾನು ಅರಿಶಿನದ ಕೊಂಬು ಕಟ್ಟಿಕೊಂಡೇ ಕೆಲಸ ಮಾಡಿದೆ.

ಅವನು ಬ್ಯಾಟರಿ ಬಿಚ್ಚಿದ ರೀತಿಯನ್ನು ನಾನು ದೂರದ ಕುರ್ಚಿಯಲ್ಲಿ ಕೂತು ನೋಡಿದೆ. ಮೊದಲು ಕಾರಿನ ಚಿಕ್ಕ ಬ್ಯಾಟರಿಯ ತಂತಿ ಕಳಚಿದ. ದಪ್ಪ ರಬ್ಬರ್ ಕೈಗವಸಿನ ಬಾಯಿ ಸುತ್ತಿ, ಬಲೂನಿನಂತೆ ಗಾಳಿ ಹಿಡಿದು, ಎಲ್ಲೂ ತೂತಿಲ್ಲವೆಂದು ಕೆನ್ನೆಯ ಹತ್ತಿರ ಹಿಡಿದು ನೋಡಿದ. ಅದನ್ನು ತೊಟ್ಟು, ದೊಡ್ಡ ಬ್ಯಾಟರಿಯ ಕರೆಂಟು ಕಡಿಯುವ ಕಿತ್ತಳೆ ಬಣ್ಣದ ಪ್ಲಗ್ಗು ಎಳೆದು ತನ್ನ ಜೇಬಿಗೇ ಹಾಕಿಕೊಂಡ. ಬೇರೆ ಯಾರೂ ಅರಿಯದೆ ಅದನ್ನು ವಾಪಸ್ಸು ಹಾಕಬಾರದಲ್ಲ. ಆಮೇಲೆ ನಮ್ಮಲ್ಲಿ ಮಜ್ಜಿಗೆ ಕುಡಿಯುತ್ತ ಕೂತ. ಒಳಗೆ ಉಳಿದ ಕರೆಂಟು ಇಳಿಯಲು ಅಷ್ಟು ಹೊತ್ತು ಕೊಡಬೇಕಂತೆ. "ಅವಸರದವನಿಗೆ ಈ ಕೆಲಸ ಅಲ್ಲ ಭಾವ" ಎಂದ. ನಮ್ಮವರು ಅಷ್ಟರಲ್ಲಿ ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಎರಡು ಬಕೀಟು ಒಣ ಮರಳು ತಂದಿಟ್ಟು, "ನನ್ನ ಕೆಲಸ ಆಯ್ತು. ಇದಕ್ಕಿಂತ ಹತ್ತಿರ ನಾನು ಬರಲ್ಲ" ಎಂದರು. ಅವರಿಗೆ ಬಲ್ಬು ಬದಲಾಯಿಸುವುದೂ ಒಂದು ಯಾಗವೇ.

ಮಾಡ್ಯೂಲುಗಳು ಸ್ಲೇಟಿನಷ್ಟು ಉದ್ದಗಲ, ಎರಡು ಬೆರಳು ದಪ್ಪದ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಗಳು. ಒಂದರಿಂದ ಇನ್ನೊಂದಕ್ಕೆ ಜೋಡಿಸಿದ್ದ ತಾಮ್ರದ ಪಟ್ಟಿಗಳು ಹಸಿರು ಕಿಲುಬು ಹಿಡಿದಿದ್ದವು. ಅತ್ತೆ ಅವುಗಳನ್ನು ನೋಡಿ ತೆಗೆದುಕೊಂಡು ಹೋದರು. ಸಂಜೆಗೆ ಹುಣಸೆಹಣ್ಣಿನಲ್ಲಿ ತೊಳೆದ ಪಂಚಪಾತ್ರೆಯ ಪಕ್ಕದಲ್ಲಿ ಅವೂ ಬಟ್ಟೆಯ ಮೇಲೆ ಸಾಲಾಗಿ ಹೊಳೆಯುತ್ತ ಒಣಗುತ್ತಿದ್ದವು.

ನನ್ನ ತಮ್ಮ ಪ್ರತಿ ಮಾಡ್ಯೂಲಿಗೂ ಮಾರ್ಕರಿನಲ್ಲಿ ನಂಬರು ಬರೆದು, ಒಂದು ಹೆಡ್‌ಲೈಟ್ ಬಲ್ಬು ಹಚ್ಚಿ ಪರೀಕ್ಷಿಸಿದ. ಬಲ್ಬು ಉರಿಯುವಾಗ ಮೀಟರಿನ ಅಂಕಿ ಸ್ವಲ್ಪ ಇಳಿದು ನಿಂತರೆ ಅದು ಬದುಕಿದೆ. ಜಾರುತ್ತಲೇ ಹೋದರೆ ಇಲ್ಲ. ಎರಡು ಜಾರಿಹೋದವು. ಅವುಗಳ ಬದಲಿಗೆ, ಅಪಘಾತದಲ್ಲಿ ಜಖಂ ಆದ ಅಂಥದೇ ಕಾರಿನಿಂದ ತೆಗೆದ ಎರಡು ಒಳ್ಳೆಯವನ್ನು ಅವನು ತಂದಿದ್ದ. "ಸ್ಪೇರು ಇಷ್ಟೇ ಅಕ್ಕಾ. ಹುಷಾರು" ಎಂದ.

ನನ್ನ ಪಾಲಿನ ಕೆಲಸ ಹೇಳಲು ಸುಲಭ. ಅವನು ತಂದಿಟ್ಟ ಚಾರ್ಜರಿಗೆ ಒಮ್ಮೆಗೆ ನಾಲ್ಕು ಮಾಡ್ಯೂಲು ಹಾಕಬೇಕು. ಕಡಿಮೆ ಕರೆಂಟಿನಲ್ಲಿ ನಿಧಾನವಾಗಿ ತುಂಬಿಸಬೇಕು, ತಣ್ಣಗಾಗಲು ಬಿಡಬೇಕು, ನಿಧಾನವಾಗಿ ಖಾಲಿ ಮಾಡಬೇಕು, ಮತ್ತೆ ತುಂಬಿಸಬೇಕು. ಮೂರು ಸುತ್ತು. ಖಾಲಿ ಮಾಡುವುದಕ್ಕೂ ಮಿತಿಯುಂಟು: ಬಟ್ಟಲನ್ನು ಬರಿದು ಮಾಡಬೇಕೇ ಹೊರತು ತಳ ಕೆರೆಯಬಾರದು. ಆರು ವೋಲ್ಟಿಗಿಂತ ಕೆಳಗಿಳಿದರೆ ಒಳಗಿನ ಸೆಲ್ಲುಗಳು ಪ್ಲಸ್ಸು ಮೈನಸ್ಸು ಅದಲುಬದಲಾಗಿ ತಿರುಗಿಬೀಳುತ್ತವೆ. ತುಂಬುವಾಗ ಮಾಡ್ಯೂಲು ಬಿಸಿಯಾಗಿ ಹೊಟ್ಟೆ ಉಬ್ಬಿಸುತ್ತದೆ. ಕಾರಿನಲ್ಲಿದ್ದಾಗ ಅವು ಒತ್ತೊತ್ತಾಗಿ ಬಿಗಿದು ಕೂತಿರುವುದರಿಂದ ಉಬ್ಬಲು ಜಾಗವಿರುವುದಿಲ್ಲ. ಮನೆಯಲ್ಲೂ ಹಾಗೇ ಬಿಗಿಯಬೇಕು. ಅದಕ್ಕೆ ಗಟ್ಟಿ ಹಲಗೆ ಬೇಕೆಂದಾಗ ಅತ್ತೆ ಅಟ್ಟದಿಂದ ಎರಡು ಹಲಸಿನ ಮಣೆ ಇಳಿಸಿಕೊಟ್ಟರು. ನನ್ನ ತಮ್ಮ ಅವುಗಳ ನಾಲ್ಕು ಮೂಲೆಗೆ ಬೋಲ್ಟು ಬಿಗಿಯಲು ತೂತು ಕೊರೆಯುವಾಗ ಮಾತ್ರ ಅವರು ಅಲ್ಲಿ ನಿಲ್ಲಲಿಲ್ಲ.

"ಮದುವೇಲಿ ನಿಮ್ಮ ಮಾವ ಕೂತಿದ್ದ ಮಣೆ" ಎಂದು ಆಮೇಲೆ ಹೇಳಿದರು. "ಮೊದಲೇ ಹೇಳಬಾರದಿತ್ತೇ" ಎಂದರೆ, "ಹೇಳಿದ್ರೆ ನೀನು ಬೇಡ ಅಂತಿದ್ದೆ. ಅವರೇನು ಇನ್ನೊಂದು ಸಲ ಕೂರ್ತಾರಾ?" ಎಂದರು.

ಜಾಗ ಹಿತ್ತಿಲ ವರಾಂಡ. ಮೇಲೆ ಹೆಂಚು, ಮೂರು ಕಡೆಯೂ ಗಾಳಿ. ಬಿಸಿಲೇರುವ ಮೊದಲು ಮುಗಿಸಬೇಕೆಂದು ಬೆಳಕು ಹರಿಯುವಾಗಲೇ ಶುರುಮಾಡುತ್ತಿದ್ದೆ. ಎದುರಿಗೆ ಒಂದು ಟೇಬಲ್ ಫ್ಯಾನು, ಪಕ್ಕದಲ್ಲಿ ಮರಳು, ಕೈಯಲ್ಲಿ ಕೊರೊನಾ ಕಾಲದಲ್ಲಿ ಕೊಂಡಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರು. ಅದರಲ್ಲಿ ವಸ್ತುಗಳ ಬಿಸಿ ಅಳೆಯುವ ಗುಂಡಿಯೂ ಇತ್ತೆಂದು ಇಷ್ಟು ವರ್ಷವಾದ ಮೇಲೆ ಗೊತ್ತಾಯಿತು. ಆಗಾಗ ಒಂದೊಂದರ ಪಕ್ಕೆಗೂ ಹಿಡಿದು ನೋಡುತ್ತಿದ್ದೆ. ಒಳಗಿನಿಂದ ಅತ್ತೆ, "ಎಷ್ಟಿದೆ ಜ್ವರ?" ಎಂದು ಕೇಳುತ್ತಿದ್ದರು. ಕರೆಂಟು ಹೋದರೆ ಆ ಸುತ್ತನ್ನೇ ಮೊದಲಿನಿಂದ ಶುರುಮಾಡಬೇಕು. ಬೇಸಿಗೆಯಲ್ಲಿ ಕರೆಂಟು ಹೋಗದ ದಿನ ಯಾವುದು? ಸೊಪ್ಪು ಸೋಸುತ್ತ, ಉತ್ತರಪತ್ರಿಕೆ ತಿದ್ದಲು ಹೋದ ಸಹೋದ್ಯೋಗಿಗಳ ಸುದ್ದಿ ಫೋನಿನಲ್ಲಿ ಕೇಳುತ್ತ ಕೂರುತ್ತಿದ್ದೆ.

ಮೊದಲ ಸುತ್ತಿನಲ್ಲಿ ಮಾಡ್ಯೂಲುಗಳು ಹೊಸತಿದ್ದಾಗ ಹಿಡಿಯುತ್ತಿದ್ದ ಶಕ್ತಿಯ ಅರ್ಧವನ್ನೂ ಹಿಡಿಯಲಿಲ್ಲ. ಎರಡನೆಯ ಸುತ್ತಿಗೆ ಅಂಕಿ ಏರಿತು. ಮೂರನೆಯದಕ್ಕೆ ಬಹಳಷ್ಟು ಮುಕ್ಕಾಲಿನ ಹತ್ತಿರ ಬಂದವು. ಮಂಕಾಗಿ ಕೂತಿದ್ದ ಹುಡುಗಿ ಫೆಬ್ರುವರಿ ಹೊತ್ತಿಗೆ ತಾನಾಗಿ ಕೈ ಎತ್ತಿ ಉತ್ತರ ಹೇಳುವುದನ್ನು ನಾನು ಕಂಡಿದ್ದೇನೆ. ಹೆಚ್ಚುಕಡಿಮೆ ಅದೇ ಸಂತೋಷ.

ಇಲ್ಲಿ ನಮ್ಮ ಅತ್ತೆಯ ಮಡಿಯ ಬಗ್ಗೆ ಹೇಳಬೇಕು. ಮದುವೆಯಾದಾಗಿನಿಂದ ಈ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಿಲ್ಲ. ನಾನು ಮಡಿ ಮಾಡುವುದಿಲ್ಲ, ಅವರು ಬಿಡುವುದಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ದೇವರ ನೈವೇದ್ಯ ಆಗುವವರೆಗೆ ಅವರು ಯಾರನ್ನೂ, ಯಾವುದನ್ನೂ ಮುಟ್ಟುವುದಿಲ್ಲ. ಮರುದಿನಕ್ಕೆ ಉಡುವ ಸೀರೆಯನ್ನು ತಾವೇ ಒಗೆದು, ಕೈಗೆಟುಕದ ಎತ್ತರದಲ್ಲಿ ಕಟ್ಟಿದ ಬಿದಿರ ಗಳದ ಮೇಲೆ ಒಂದು ಉದ್ದ ಕೋಲಿನಿಂದ ಹರವುತ್ತಾರೆ. ಆ ಕೋಲಿಗೆ ಮಡಿಕೋಲು ಎನ್ನುತ್ತೇವೆ. ಅವರ ಗಳ ಕಟ್ಟಿರುವುದು ಮನೆಯಲ್ಲೆಲ್ಲ ಗಾಳಿ ಚೆನ್ನಾಗಿ ಆಡುವ ಕಡೆ. ನಾನು ಬ್ಯಾಟರಿಗೆ ಜಾಗ ಹುಡುಕಿದ್ದೂ ಮನೆಯಲ್ಲೆಲ್ಲ ಗಾಳಿ ಚೆನ್ನಾಗಿ ಆಡುವ ಕಡೆಯೇ. ಸೀರೆ ಆ ತುದಿಗೆ, ಚಾರ್ಜರು ಈ ತುದಿಗೆ. ಇಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮೂರನೆಯ ಸುತ್ತು ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ. ಮಣೆಗಳ ನಡುವೆ ಕೂತಿದ್ದ ನಾಲ್ಕರಲ್ಲಿ ಹದಿನೇಳನೆಯ ನಂಬರಿನದು ಇನ್ನೇನು ತುಂಬಬೇಕು. ಬಾಗಿಲಲ್ಲಿ ಹಾಲಿನವರು ಕೂಗಿದರು. ಅತ್ತೆ ಮಡಿಯಲ್ಲಿದ್ದರು; ಪಾತ್ರೆ ಹಿಡಿದು ನಾನೇ ಎದ್ದು ಹೋದೆ. ಅವರು ಹುಲ್ಲಹಳ್ಳಿ ಕಡೆಯವರು. ಮಾತಿಗೆ ನಿಂತರೆ ಹಾಲು ಅಲ್ಲೇ ಹೆಪ್ಪಾಗಬೇಕು.

"ಏನ್ ಮೇಡಮ್ಮೋರೇ, ಕಾರು ಇನ್ನೂ ಮಲ್ಗೇ ಅದಲ್ಲ?" ಎಂದರು.

"ಬ್ಯಾಟರಿ ಬಿಚ್ಚಿ ಚಾರ್ಜ್ ಮಾಡ್ತಿದೀವಿ."

"ಚಾರ್ಜು ಯಾಕೆ, ಬಿಸ್ಲಿಗೆ ಇಕ್ಕಿ. ನಾವು ಚಿಕ್ಕೋರಿದ್ದಾಗ ಗದ್ದೆಗೆ ನೀರ್ ಕಟ್ಟಾಕೆ ಓಗೋವಾಗ ಟಾರ್ಚು ಮಂಕಾಯ್ತು ಅಂದ್ರೆ ಸೆಲ್ಲ ಬಿಸ್ಲಿಗೆ ಇಕ್ತಿದ್ವಿ. ಒಂದ್ ರಾತ್ರಿ ಉರಿಯೋದು."

"ಇದನ್ನ ಬಿಸಿಲಿಗಿಟ್ರೆ ಪೂರ್ತಿ ಹಾಳಾಗುತ್ತೆ."

"ಅಂಗಾರೆ ಇದು ದೊಡ್ಡೋರ್ ಮನೆ ಸೆಲ್ಲು ಬುಡಿ. ಬಿಸ್ಲು ತಡಿಯಾಕಿಲ್ಲ" ಎಂದು ನಗುತ್ತ ಹಾಲಳೆದರು.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ. ಗಾಬರಿಯ ದನಿಯಲ್ಲ, ಅದೇ ಜಗಳದ ದನಿ. "ಇವಳೇ, ಬೇಗ ಬಾರೇ. ನಿನ್ನ ಫ್ಯಾನು ನನ್ನ ಸೀರೆ ತಿಂತಾ ಇದೆ."

ನನ್ನ ಕಾಲಿಗೆ ಓಡುವುದು ಬರುವುದಿಲ್ಲ. ಗೋಡೆ ಹಿಡಿದುಕೊಂಡು ಆದಷ್ಟು ಬೇಗ ಹೋದೆ. ಅತ್ತೆ ವರಾಂಡದ ನಡುವೆ ಮಡಿಕೋಲು ಹಿಡಿದು ನಿಂತಿದ್ದರು. ಕೋಲಿನ ತುದಿಯಲ್ಲಿ ಒದ್ದೆ ಸೀರೆ ನೇತಾಡುತ್ತಿತ್ತು, ಅದರ ಸೆರಗು ಇನ್ನೂ ಫ್ಯಾನಿನ ಜಾಲರಿಯೊಳಗೆ. ಗೋಡೆಯ ಸ್ವಿಚ್ಚು ಆರಿತ್ತು. ಆಗಷ್ಟೇ ಹರವಿದ ಸೀರೆ ಗಾಳಿಗೆ ಗಳದ ಮೇಲೆ ಜಾರುತ್ತ ಬಂದು ಫ್ಯಾನು, ಮಣೆ, ಬ್ಯಾಟರಿ ಎಲ್ಲದರ ಮೇಲೂ ಬಿದ್ದಿದೆ. ಸೆರಗು ಸಿಕ್ಕಿಕೊಂಡು ಫ್ಯಾನು ನಿಂತಿದೆ. ಅತ್ತೆ ಅಡುಗೆಮನೆಯಲ್ಲಿದ್ದರು, ಫ್ಯಾನಿನ ಸದ್ದು ನಿಂತದ್ದನ್ನು ಅವರು ಗಮನಿಸಿ ಹೊರಗೆ ಬರುವಷ್ಟರಲ್ಲಿ ಸ್ವಲ್ಪ ಹೊತ್ತೇ ಆಗಿತ್ತು.

"ನಾನು ಕೈಯಲ್ಲಿ ಮುಟ್ಟಿಲ್ಲಮ್ಮ" ಎಂದರು. "ಮಡೀಲಿದ್ದೀನಿ, ಹೇಗೆ ಮುಟ್ಟಲಿ? ಕೋಲಲ್ಲೇ ಮೊದಲು ಸ್ವಿಚ್ಚು ಒತ್ತಿದೆ, ಆಮೇಲೆ ಸೀರೆ ಎತ್ತಿದೆ. ನಿನ್ನ ತಮ್ಮ ಹಾಗೇ ತಾನೆ ಹೇಳಿದ್ದು?"

ಒಣಗಿದ ಬಿದಿರು, ಆಳುದ್ದದ ದೂರ. ನಾನೇ ಅಲ್ಲಿದ್ದಿದ್ದರೆ ಗಾಬರಿಯಲ್ಲಿ ಒದ್ದೆ ಸೀರೆಯನ್ನು ಕೈಯಲ್ಲೇ ಎಳೆದುಬಿಡುತ್ತಿದ್ದೆನೋ ಏನೋ. ಮುಟ್ಟದೆ ಕೆಲಸ ಮಾಡುವುದು ಅವರಿಗೆ ಅರವತ್ತು ವರ್ಷದ ರೂಢಿ.

ಥರ್ಮಾಮೀಟರು ಹಿಡಿದೆ. ಮೂರು ಬೆಚ್ಚಗಿದ್ದವು, ಅಷ್ಟೇ. ಹದಿನೇಳು ಸುಡುತ್ತಿತ್ತು. ತಂತಿಗಳನ್ನು ಬಿಡಿಸಿ, ನೀರನ್ನು ಒಣ ಬಟ್ಟೆಯಲ್ಲಿ ಒತ್ತಿ ತೆಗೆದು, ಮಣೆಯ ಬಿಗಿ ಸಡಿಲಿಸದೆ ಹಾಗೇ ಬಿಟ್ಟೆ. ಬಿಸಿಯಿದ್ದಾಗ ಸಡಿಲಿಸಿದರೆ ಉಬ್ಬಿಬಿಡುತ್ತದೆ. ಬದಲಿಗೆ ಹಾಕಲು ಇನ್ನೊಂದಿಲ್ಲ. ಇಪ್ಪತ್ತೇಳರಲ್ಲಿ ಕಾರು ಓಡುವುದಿಲ್ಲ. ಕಾಲೇಜು ತೆರೆಯುವುದು ಹತ್ತಿರ ಬಂದಿತ್ತು.

ಅತ್ತೆ ಆವತ್ತು ನೈವೇದ್ಯ ಮುಗಿಸಿ, ಊಟಕ್ಕೂ ಮುಂಚೆ ಬಂದು ನನ್ನ ಪಕ್ಕದಲ್ಲಿ ಕೆಳಗೇ ಕೂತರು. "ನನ್ನ ಸೀರೆಯಿಂದ ನಿನ್ನ ಕೆಲಸ ಹೋಗಬಾರದು ಕಣೆ" ಎಂದರು. ಈ ಸಲ ದನಿಯಲ್ಲಿ ಜಗಳವಿರಲಿಲ್ಲ.

"ಹೋಗಲ್ಲ ಬಿಡಿ ಅತ್ತೆ" ಎಂದೆ. ನನಗೇ ನಂಬಿಕೆ ಇರಲಿಲ್ಲ.

"ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಬಿಡು ಅಂದ್ರು, ಬಿಟ್ಟೆ. ಯಾಕೆ ಅಂತಲೂ ಕೇಳಲಿಲ್ಲ" ಎಂದು, ಸ್ವಲ್ಪ ಹೊತ್ತು ಆ ಹದಿನೇಳನೆಯದನ್ನೇ ನೋಡುತ್ತಿದ್ದು, "ಇದು ಪ್ಲಾಸ್ಟಿಕ್ಕು ತಾನೆ? ಪ್ಲಾಸ್ಟಿಕ್ಕಿಗೆ ತಗುಲಿದ ಸೀರೆ ಮಡಿಗೆ ಬರುತ್ತೋ ಇಲ್ಲವೋ, ನಿನ್ನ ಗಂಡನ್ನ ಕೇಳಬೇಕು" ಎಂದು ಎದ್ದರು.

ಗಂಡ ಸಂಜೆ ಬಂದು ಶಾಸ್ತ್ರದಲ್ಲಿ ಪ್ಲಾಸ್ಟಿಕ್ಕಿನ ಪ್ರಸ್ತಾಪವಿಲ್ಲ ಎಂದರು. ಅತ್ತೆ ಯಾತಕ್ಕೂ ಇರಲಿ ಎಂದು ಸೀರೆಯನ್ನು ಇನ್ನೊಮ್ಮೆ ಒಗೆದರು. ಹರವಿದ್ದು ಮಾತ್ರ ದೇವರಮನೆಯ ಪಕ್ಕದ ಕಿರುಕೋಣೆಯಲ್ಲಿ. ಅಲ್ಲಿ ಸೀರೆ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಆದರೂ ರಜೆ ಮುಗಿಯುವವರೆಗೆ ಅಲ್ಲೇ.

ಹದಿನೇಳನ್ನು ಒಂದು ಪೂರ್ತಿ ದಿನ ತಣ್ಣಗೆ ಬಿಟ್ಟು, ಖಾಲಿ ಮಾಡಿ, ಮತ್ತೆ ತುಂಬಿಸಿದೆ. ಈ ಸಲ ಅದರ ಎದುರಿನಿಂದ ಏಳಲಿಲ್ಲ. ಹಾಲಿನವರಿಗೆ ಕಟ್ಟೆಯ ಮೇಲೆ ಪಾತ್ರೆ ಇಟ್ಟಿದ್ದೆ. ಹದಿನೇಳನೆಯದು ಹಿಡಿದ ಶಕ್ತಿ ಉಳಿದವಕ್ಕಿಂತ ಸ್ವಲ್ಪ ಕಡಿಮೆಯೇ. ಆದರೆ ಮುಖ್ಯವಾದದ್ದು ಬೇರೆ: ತುಂಬಿಸಿಟ್ಟದ್ದನ್ನು ಉಳಿಸಿಕೊಳ್ಳುತ್ತದೆಯೇ, ಕೂತಲ್ಲೇ ಸೋರಿಬಿಡುತ್ತದೆಯೇ? ಹಾಗೇ ಇಟ್ಟು ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಮೀಟರು ಹಿಡಿಯುತ್ತಿದ್ದೆ. ಒಂದಿಷ್ಟು ಇಳಿದು, ನಿಂತಿತು. ಮರುದಿನವೂ ಅಲ್ಲೇ. ಅದರ ಮರುದಿನವೂ ಅಲ್ಲೇ.

ತಮ್ಮನಿಗೆ ಫೋನು ಮಾಡಿದೆ. ಅವನು ಅಂಕಿಗಳನ್ನೆಲ್ಲ ಕೇಳಿ, "ನಡೆಯುತ್ತೆ ಅಕ್ಕಾ. ಸಾಲಿನ ನಡುವೆ ಸೆಕೆ ಜಾಸ್ತಿ, ಅಲ್ಲಿ ಗಟ್ಟಿಮುಟ್ಟಾದವು ಕೂರಲಿ. ಇದನ್ನ ತುದಿಗೆ ಕೂರಿಸೋಣ" ಎಂದ.

"ಪಂಕ್ತೀಲಿ ವಯಸ್ಸಾದವರನ್ನ ಬಾಗಿಲ ಹತ್ತಿರ ಗಾಳಿಗೆ ಕೂರಿಸ್ತೀವಲ್ಲ, ಹಾಗೆ" ಎಂದೆ.

"ಹಾಗೇ. ಆದ್ರೆ ಇವರಿಗೆ ಕೊನೇಲಿ ಬಡಿಸಿದ್ರೆ ಜಗಳ ಆಡ್ತಾರೆ" ಎಂದ. ಅವನ ಪ್ರಕಾರ ಎಲ್ಲಕ್ಕೂ ಒಂದೇ ಮಟ್ಟ ಇರಬೇಕು. ಅದಕ್ಕಾಗಿ ಅವನು ಬಂದು ಇಪ್ಪತ್ತೆಂಟನ್ನೂ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಿಸಿ ಒಂದು ದಿನ ಬಿಟ್ಟ. ಒಡ್ಡು ತೆಗೆದ ಗದ್ದೆಗಳಲ್ಲಿ ಕಾಲುವೆ ನೀರು ಒಂದೇ ಮಟ್ಟಕ್ಕೆ ನಿಲ್ಲುವ ಹಾಗೆ ಅವು ತಮ್ಮತಮ್ಮಲ್ಲೇ ಸಮ ಮಾಡಿಕೊಂಡವು.

ಜೋಡಿಸುವ ದಿನ ಮತ್ತೆ ಕೈಗವಸು, ಮತ್ತೆ ಮರಳು. ಮಾಡ್ಯೂಲುಗಳನ್ನು ಒಂದರ ಪಕ್ಕ ಒಂದು ತಲೆಕೆಳಗು ಮಾಡುತ್ತ ಕೂರಿಸಬೇಕು: ಒಂದರ ಪ್ಲಸ್ಸಿನ ಪಕ್ಕ ಇನ್ನೊಂದರ ಮೈನಸ್ಸು. ಒಂದು ತಪ್ಪಿದರೂ ಅನಾಹುತ. ಇನ್ನೊಬ್ಬರ ಕಣ್ಣೂ ಬೇಕೆಂದು ನನ್ನ ತಮ್ಮ ಕೇಳಿದಾಗ, ಅಲ್ಲಿಯವರೆಗೆ ಹತ್ತಿರ ಬರಲ್ಲ ಎಂದಿದ್ದ ನಮ್ಮವರು ಕೈ ಹಿಂದಕ್ಕೆ ಕಟ್ಟಿಕೊಂಡು ಬಂದು ನಿಂತರು. ಪಾಠಶಾಲೆಯ ಮಕ್ಕಳಿಗೆ ಮಂತ್ರ ಒಪ್ಪಿಸುವುದನ್ನು ಕಲಿಸುವ ದನಿಯಲ್ಲಿ ಸಾಲನ್ನು ಮುಂದಿನಿಂದ ಹಿಂದಕ್ಕೆ ಓದಿದರು, ಹಿಂದಿನಿಂದ ಮುಂದಕ್ಕೆ ಓದಿದರು, ಎರಡೆರಡಾಗಿ ಹೆಣೆದು ಓದಿದರು. ತಪ್ಪೇನೂ ಸಿಗಲಿಲ್ಲ.

"ಭಾವ, ದಕ್ಷಿಣೆ ಎಷ್ಟು ಕೊಡಬೇಕು?" ಎಂದ ನನ್ನ ತಮ್ಮ.

"ಮೊದಲು ಹತ್ತಿಕೊಳ್ಳಲಿ" ಎಂದರು. ಆಮೇಲೆ ತಾವು ಹೇಳಿದ್ದರ ಇನ್ನೊಂದು ಅರ್ಥ ಹೊಳೆದು, "ಅಂದ್ರೆ, ದೀಪ ಹತ್ತಿಕೊಳ್ಳಲಿ" ಎಂದು ತಿದ್ದಿಕೊಂಡರು.

ಅವನು ಮುಚ್ಚಳ ಬಿಗಿದು, ಜೇಬಿನಿಂದ ಕಿತ್ತಳೆ ಪ್ಲಗ್ಗು ತೆಗೆದು ಕೂರಿಸಿದ. ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿ, "ಒತ್ತು" ಎಂದ. ಬ್ರೇಕಿನ ಮೇಲೆ ಬಲಗಾಲಿಟ್ಟು ಗುಂಡಿ ಒತ್ತಿದೆ. ಒಂದಿಷ್ಟು ದೀಪಗಳು ಬಂದವು, ಹೋದವು. ಹಸಿರು ದೀಪ ನಿಂತಿತು. ಕೆಂಪು ತ್ರಿಕೋನ ಇರಲಿಲ್ಲ. ಈ ಕಾರು ಎದ್ದಾಗ ಸದ್ದು ಮಾಡುವುದಿಲ್ಲವಾದ್ದರಿಂದ ನಮ್ಮವರು, "ಏನಾಯ್ತು? ಆಗಲಿಲ್ವಾ?" ಎಂದು ಕೇಳುತ್ತಲೇ ಇದ್ದರು. ಉತ್ತರವಾಗಿ ಕಾರನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ. ಅವರು ಎರಡು ಹೆಜ್ಜೆ ಹಾರಿ ತುಳಸಿಕಟ್ಟೆ ಹತ್ತಿದರು.

ಆ ವಾರವೆಲ್ಲ ತಮ್ಮ 'ದೂರ ಹೋಗಬೇಡ' ಎಂದಿದ್ದ. ಹುಲ್ಲಹಳ್ಳಿಯವರೆಗೆ ಹೋಗಿ ಬಂದೆವು. ಅತ್ತೆ ಹಿಂದಿನ ಸೀಟಿನಲ್ಲಿ, ಸರಿಯಾಗಿ ಆ ಬ್ಯಾಟರಿಯ ಮುಂದೆ ಕೂತಿದ್ದರು. ನನ್ನ ತಮ್ಮ ಕಂಪ್ಯೂಟರು ಹಚ್ಚಿ ನೋಡಿದಾಗ ತುದಿಯ ಹದಿನೇಳನೆಯದೂ ಉಳಿದವುಗಳ ಜೊತೆಗೇ ಏರುತ್ತಿತ್ತು, ಇಳಿಯುತ್ತಿತ್ತು. ಇದು ಶಾಶ್ವತವೆಂದು ನನ್ನ ತಮ್ಮನೂ ಹೇಳಲಿಲ್ಲ, ನಾನೂ ನಂಬಿಲ್ಲ. ಒಂದು ವರ್ಷವೋ, ಎರಡೋ. ಆಗ ಮತ್ತೆ ಬಿಚ್ಚಿದರಾಯಿತು. ಈಗ ಕೆಲಸ ಗೊತ್ತಿದೆ.

ಕಾಲೇಜು ತೆರೆದ ದಿನ ಬೆಳಿಗ್ಗೆ ಒಬ್ಬಳೇ ಹೊರಟೆ. ನಮ್ಮವರು ಗೇಟು ತೆಗೆದು ಹಿಡಿದು ನಿಂತಿದ್ದರು. ಅರ್ಜಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬುತ್ತಿಯ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟು, "ನಿಧಾನ" ಎಂದರು. ದಾರಿಯಲ್ಲಿ ಗದ್ದೆಗಳಿಗೆ ಗೊಬ್ಬರ ಹೊಡೆಯುತ್ತಿದ್ದರು. ನರಸೀಪುರದ ಹತ್ತಿರ ಕಬ್ಬಿನ ಲಾರಿಯೊಂದರ ಹಿಂದೆ ಬಹಳ ಹೊತ್ತು ಸಿಕ್ಕಿಕೊಂಡೆ. ನಿಂತು, ಹೊರಟು, ನಿಂತು, ಹೊರಟು. ಬ್ಯಾಟರಿಗೆ ಅದೇ ದೊಡ್ಡ ಪರೀಕ್ಷೆ. ದೀಪ ಹಸಿರಾಗೇ ಇತ್ತು.

ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರು ಹೊಸ ಟೈಮ್‌ಟೇಬಲ್ ಹರಡಿಕೊಂಡು ಕೂತಿದ್ದರು. ನನ್ನನ್ನು ನೋಡಿ ಪೆನ್ಸಿಲ್ಲು ಎತ್ತಿದರು.

"ಬನ್ನಿ ಮೇಡಂ. ನಿಮ್ಮ ಕಾರು ಕೆಟ್ಟಿದೆ, ಇನ್ಮೇಲೆ ಬಸ್ಸು ಅಂತ ಕೇಳಿದೆ. ಅದಕ್ಕೆ ನಿಮಗೆ ಮೊದಲನೇ ಪೀರಿಯಡ್ಡು ಹಾಕಿಲ್ಲ. ಸೆಕೆಂಡ್ ಪಿಯು ಫಿಸಿಕ್ಸನ್ನ ಮಧ್ಯಾಹ್ನಕ್ಕೆ ತಳ್ಳಿದೀನಿ. ಊಟ ಆದ್ಮೇಲೆ ಹುಡುಗರು ತೂಕಡಿಸ್ತಾರೆ, ಆದ್ರೆ ಏನ್ಮಾಡೋದು."

"ಮೊದಲನೇದೇ ಹಾಕಿ ಸಾರ್" ಎಂದೆ.

"ಎಲ್ಲಾ ದಿನಾನೂ?"

"ಎಲ್ಲಾ ದಿನಾನೂ."

ಅವರು ರಬ್ಬರು ಹುಡುಕಿದರು. ಸಿಗಲಿಲ್ಲ. ನನ್ನ ಬ್ಯಾಗಿನಿಂದ ತೆಗೆದುಕೊಟ್ಟೆ. ಅವರು ಮಧ್ಯಾಹ್ನದ ಮನೆಗಳನ್ನು ಒಂದೊಂದಾಗಿ ಅಳಿಸಿ, ಬೆಳಗಿನ ಸಾಲಿನಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆಯುತ್ತಿರುವಾಗಲೇ ಗಂಟೆ ಹೊಡೆಯಿತು. ಹಾಜರಿ ಪುಸ್ತಕ, ಸೀಮೆಸುಣ್ಣ ತೆಗೆದುಕೊಂಡು ತರಗತಿಯ ಕಡೆ ನಡೆದೆ.